ಆಯಿಲ್ ಎಲ್ಲಿಗೆ ಹೋಯಿತು ಎಂದು ಹುಡುಕಿದವರು

ಮೆಕ್ಯಾನಿಕ್ಕುಗಳು ಗಾಡಿ ಓಡಿಸಿ ನೋಡುವಾಗ ಸ್ಟಿಯರಿಂಗ್ ಹಿಡಿಯುತ್ತಾರೆ, ಇಲ್ಲವೇ ಪಕ್ಕದಲ್ಲಿ ಕೂರುತ್ತಾರೆ. ನಮ್ಮ ಮೇಸ್ತ್ರಿ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಚಪ್ಪಲಿ ಕೆಳಗೆ ಬಿಟ್ಟು, ಕಾಲು ಮಡಚಿಕೊಂಡು, ಕಣ್ಣು ಮುಚ್ಚಿ, ಹರಿಕಥೆ ಕೇಳಲು ಕೂತವರ ಹಾಗೆ. "ಮುಂದೆ ಕೂತ್ರೆ ಕಣ್ಣಿಗೇ ಕೆಲಸ ಟೀಚರಮ್ಮ. ಲಾರಿ ನೋಡು, ಹಸು ನೋಡು, ಹಂಪು ನೋಡು. ಕಿವಿಗೆ ಪುರುಸೊತ್ತೇ ಸಿಗಲ್ಲ" ಎನ್ನುತ್ತಿದ್ದರು. ನಾನು ಕೋಲಾರದ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುವವಳು, ಮುಳಬಾಗಿಲಿನಿಂದ ದಿನಾ ಕಾರಿನಲ್ಲಿ ಹೋಗಿ ಬರುವವಳು. ಮುಳಬಾಗಿಲಿನ ಹೆದ್ದಾರಿ ಪಕ್ಕ, ಒಂದು ಹೊಂಗೆ ಮರದ ಕೆಳಗೆ ಅವರ ಶೆಡ್ಡು. ಹೋದ ತಿಂಗಳು ಅವರು ತೀರಿಕೊಂಡರು. ಎದೆನೋವು ಎಂದು ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ.

ಹೆಸರು ಬರೆಯುವುದಿಲ್ಲ. ಊರಿನಲ್ಲಿ ಎಲ್ಲರಿಗೂ ಅವರು ಮೇಸ್ತ್ರಿ, ನನಗೂ ಮೇಸ್ತ್ರಿ. ಕುಳ್ಳಗೆ, ಗಟ್ಟಿಮುಟ್ಟಾಗಿ ಇದ್ದರು. ಖಾಕಿ ಅಂಗಿಯ ಜೇಬಿನಲ್ಲಿ ಸದಾ ಒಂದು ಮಡಚಿದ ಬಿಳಿ ಹಾಳೆ. ಯಾವ ಗಾಡಿ ಬಂದರೂ ಆಯಿಲ್ ಕಡ್ಡಿ ಎಳೆದು, ಆ ಹಾಳೆಯ ಮೇಲೆ ಒಂದು ತೊಟ್ಟು ಬಿಟ್ಟು, ಅದು ಹರಡುವುದನ್ನು ನೋಡುತ್ತಾ ಕೂರುವರು. ಮನುಷ್ಯರ ಜೊತೆ ಕನ್ನಡ, ಇಂಜಿನ್ ಜೊತೆ ತೆಲುಗು. "ಏಮಿರಾ ನೀ ಬಾಧ? ಚೆಪ್ಪು, ಚೆಪ್ಪು" ಎಂದು, ಏನೋ ನಿನ್ನ ನೋವು, ಹೇಳು ಎಂದು, ಬಾನೆಟ್ಟಿನೊಳಗೆ ತಲೆ ಹಾಕಿ ವಿಚಾರಿಸುವುದನ್ನು ಕೇಳಿದರೆ ಒಳಗೆ ಯಾರೋ ಜ್ವರ ಬಂದು ಮಲಗಿದ್ದಾರೆ ಅನ್ನಿಸಬೇಕು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. "ನಮ್ಮಮ್ಮ ನನ್ನ ಹತ್ರ ತೆಲುಗು ಮಾತಾಡ್ತಿದ್ದಳು. ನೋವಿದ್ದಾಗ ಆ ಭಾಷೆ ಬೇಗ ಅರ್ಥ ಆಗುತ್ತೆ" ಎಂದರು. ಇಂಜಿನ್ನಿಗಾ, ಅವರಿಗಾ ಎಂದು ನಾನು ಕೇಳಲಿಲ್ಲ.

ಅವರಿಗೆ ಆಗದ ಒಂದೇ ಮಾತು 'ಮಾಮೂಲು'. "ಈ ಸದ್ದು ಮಾಮೂಲು ಮೇಸ್ತ್ರಿ, ಬಿಡಿ" ಎಂದು ಯಾರಾದರೂ ಅಂದರೋ, ಅವತ್ತು ಆ ಗಾಡಿ ಮನೆಗೆ ಹೋಗುವ ಹಾಗೇ ಇಲ್ಲ. ಟೊಮೇಟೊ ಸುಗ್ಗಿಯಲ್ಲಿ ಒಬ್ಬ ಟೆಂಪೋ ಡ್ರೈವರ್ ಬಂದು, ಕೋಲಾರ ಮಂಡಿಗೆ ಲೋಡ್ ತಗೊಂಡು ಹೋಗುವಾಗ ಮಾತ್ರ ಟಕಟಕ ಎನ್ನುತ್ತದೆ, ವಾಪಸ್ ಬರುವಾಗ ಇಲ್ಲ, ಮಾಮೂಲು ಎಂದ. ಮೇಸ್ತ್ರಿ ಶೆಡ್ಡಿನ ಬಾಗಿಲು ಎಳೆದು, ಕ್ರೇಟುಗಳ ಮೇಲೆ ಹತ್ತಿ ಕೂತು ಕೋಲಾರದವರೆಗೆ ಹೋದರು. ಸೀಟಿನ ಕೆಳಗಿದ್ದ ಊಟದ ಡಬ್ಬಿ ಅದು! ಹೋಗುವಾಗ ತುಂಬಿದ್ದು ಬಡಿಯುತ್ತಿತ್ತು, ವಾಪಸ್ ಬರುವಾಗ ಆ ಪುಣ್ಯಾತ್ಮ ಖಾಲಿ ಡಬ್ಬಿಯನ್ನು ಚೀಲದಲ್ಲಿ ಸುತ್ತಿ ಪಕ್ಕಕ್ಕೆ ಇಡುತ್ತಿದ್ದ. ಇದನ್ನು ಅವರು ನನಗೆ ಹೇಳಿದ್ದು ಕಡಿಮೆಯೆಂದರೂ ಆರು ಸಲ, ಪ್ರತಿ ಸಲವೂ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಾ. ನನ್ನನ್ನೂ ಬಿಡುತ್ತಿರಲಿಲ್ಲ. ಸಾರಿಗಿಂತ ಹುಳಿ ಯಾಕೆ ನಿಧಾನವಾಗಿ ಆರುತ್ತದೆ, ಟಾರು ರಸ್ತೆಯಲ್ಲಿ ದೂರದಲ್ಲಿ ನೀರು ಕಂಡ ಹಾಗಾಗುವುದು ಯಾಕೆ, ಎಲ್ಲವೂ ಬೇಕು ಅವರಿಗೆ. ಉತ್ತರ ಕೇಳಿದ ಮೇಲೆ ಎರಡು ದಿನ ಬಿಟ್ಟು ಬಂದು, "ನೀವು ಹೇಳಿದ್ದು ಪೂರ್ತಿ ಸರಿ ಇಲ್ಲ ಟೀಚರಮ್ಮ" ಎಂದು ಇನ್ನೊಂದು ಪ್ರಶ್ನೆ ಹಾಕುತ್ತಿದ್ದರು. ಕ್ಲಾಸಿನಲ್ಲಿ ಇಂಥ ಒಬ್ಬ ಇದ್ದರೆ ಸಾಕು, ಮೇಷ್ಟರಿಗೆ ರಾತ್ರಿ ಓದು ತಪ್ಪುವುದಿಲ್ಲ.

ಇಂಥವರಿಗೆ ನಾನು ಏನು ಮಾಡಿದೆ ಎಂಬುದನ್ನು ಹೇಳಿಬಿಡುತ್ತೇನೆ. ಹೇಳದೆ ಅವರ ಗುಣಗಾನ ಮಾಡಿದರೆ ಅದು ನನ್ನ ಲಜ್ಜೆಗೇಡಿತನ.

ನಾನು ಹೊಸ ಕಾರು ತಗೊಂಡು, ಕುರುಡುಮಲೆ ಗಣಪನ ಮುಂದೆ ನಿಲ್ಲಿಸಿ, ನಿಂಬೆಹಣ್ಣು ತುಳಿಸಿ, ಓಡಿಸಲು ಶುರು ಮಾಡಿ ಎರಡು ವರ್ಷ ಕಳೆದಿತ್ತು. ವಾರಂಟಿ ಮುಗಿದ ಮೇಲೆ ಸರ್ವಿಸನ್ನು ಮೇಸ್ತ್ರಿಗೆ ಒಪ್ಪಿಸಿದ್ದೆ. ಅವರು ಹೊಸ ಆಯಿಲ್ ಹಾಕಿ ಕೊಟ್ಟ ಒಂದೂವರೆ ತಿಂಗಳಿಗೆಲ್ಲ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ: ಆಯಿಲ್ ಕಡಿಮೆ. ತುಂಬಿಸಿದೆವು. ಮತ್ತೆ ಒಂದೂವರೆ ತಿಂಗಳಿಗೆ ದೀಪ. ಕಾರಿನ ಕೆಳಗೆ ಒಂದು ತೊಟ್ಟೂ ಸೋರಿಲ್ಲ. ಹೊಗೆಯೂ ಕಾಣುವುದಿಲ್ಲ. ಕಾರು ಮಾರಿದವರ ಸರ್ವಿಸ್ ಸೆಂಟರಿಗೆ ಹೋದರೆ, ಇಸ್ತ್ರಿ ಅಂಗಿಯ ಹುಡುಗ "ಇಷ್ಟು ಕುಡಿಯೋದು ಮಾಮೂಲು ಮೇಡಂ" ಎಂದು ನಕ್ಕ.

ನಮ್ಮ ಭಾವ, ಅಂದರೆ ಯಜಮಾನರ ಅಣ್ಣ, ಕಾಫಿ ಕುಡಿಯುತ್ತಾ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. "ಇದಕ್ಕೆ ಫಿಸಿಕ್ಸ್ ಯಾಕಮ್ಮ? ಡಬ್ಬ ಪೂರ್ತಿ ಸುರೀತಿಲ್ಲ ನಿಮ್ಮ ಮೇಸ್ತ್ರಿ. ಅರ್ಧ ನಿನಗೆ, ಅರ್ಧ ಟೆಂಪೋಗೆ."

ನಾನು ನಂಬಲಿಲ್ಲ ಎಂದು ಬರೆಯಲು ಆಸೆ. ಆದರೆ ಮಾರನೇ ದಿನ ಕಾಲೇಜು ಮುಗಿಸಿ ಬರುತ್ತಾ ಶೆಡ್ಡಿನ ಮುಂದೆ ನಿಲ್ಲಿಸಿ, ಮೂರು ಜನ ಗಿರಾಕಿಗಳ ಎದುರಿಗೇ ಕೇಳಿದೆ.

"ಮೇಸ್ತ್ರೀ, ಹೋದ ಸಲ ಡಬ್ಬ ಪೂರ್ತಿ ಸುರಿದ್ರಾ?"

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹೋಗಿ ಸೋಪಿನಲ್ಲಿ ಕೈ ತೊಳೆದರು, ಮೊಣಕೈವರೆಗೆ. ಮೊಳೆಗೆ ನೇತುಹಾಕಿದ್ದ ಬಟ್ಟೆಯಲ್ಲಿ ಒರೆಸಿಕೊಂಡರು. "ಸುರಿದೆ ಟೀಚರಮ್ಮ" ಎಂದರು. ಅಷ್ಟೇ. ನನಗೆ ಆ ಕ್ಷಣದಲ್ಲೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೆ ಆಡಿದ ಮಾತು, ಒಡೆದ ಮುತ್ತು.

ಎದುರಿಗಿದ್ದ ಮೂರು ಜನ ಸುಮ್ಮನಿರುತ್ತಾರಾ? ಭಾವನ ಬಾಯಿಯೂ ಜೊತೆಗೆ ಸೇರಿತು. ಒಂದು ವಾರದಲ್ಲಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲೆಲ್ಲ ಅದೇ ಮಾತು. ಜನ ಆಯಿಲ್ ಡಬ್ಬ ತಾವೇ ತಂದು, ಸುರಿಯುವವರೆಗೆ ಮೇಸ್ತ್ರಿಯ ಕೈ ನೋಡುತ್ತಾ ಪಕ್ಕದಲ್ಲೇ ನಿಲ್ಲಲು ಶುರು ಮಾಡಿದರು. ಹೀಗೆ ನಿಂತ ಮೂರನೇ ಗಿರಾಕಿಯ ಡಬ್ಬವನ್ನು ಮೇಸ್ತ್ರಿ ವಾಪಸ್ ಕೊಟ್ಟುಬಿಟ್ಟರು. "ಟೀಚರಮ್ಮನ ಗಾಡಿ ಆಯಿಲ್ ಎಲ್ಲಿಗೆ ಹೋಯ್ತು ಅಂತ ಗೊತ್ತಾಗೋವರೆಗೂ ನಾನು ಯಾರ ಗಾಡಿಗೂ ಆಯಿಲ್ ಸುರಿಯಲ್ಲ." ಸಣ್ಣ ಶೆಡ್ಡಿಗೆ ಆಯಿಲ್ ಬದಲಾಯಿಸುವ ಕೆಲಸವೇ ಅನ್ನ. ಅದನ್ನೇ ಬಿಟ್ಟು ಅವರು ಪಂಕ್ಚರ್, ಬ್ರೇಕ್ ಶೂ ಅಂತ ಚಿಲ್ಲರೆ ಕೆಲಸಕ್ಕೆ ಕೂತರು.

ಭಾನುವಾರ ನಾನು ಹೋದೆ. ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವರು ಬಾನೆಟ್ಟು ತೆರೆದಿದ್ದರು. "ಅದೆಲ್ಲ ಆಮೇಲೆ. ಮೊದಲು ಬೀಗ ಹಾಕಣ."

ಬೀಗ ಅಂದರೆ ಬೀಗವಲ್ಲ. ನಾನು ಹುಟ್ಟಿದ್ದು ಶ್ರೀನಿವಾಸಪುರ ತಾಲ್ಲೂಕಿನ ರೇಷ್ಮೆ ಬೆಳೆಯುವ ಮನೆಯಲ್ಲಿ. ಗೂಡಿನ ಮೂಟೆ ಮಾರ್ಕೆಟ್ಟಿಗೆ ಹೋಗುವಾಗ ನಮ್ಮಪ್ಪ ಬಾಯಿಗೆ ಒಂದು ಗಂಟು ಹಾಕುತ್ತಿದ್ದರು. ದಾರಿಯಲ್ಲಿ ಯಾರಾದರೂ ಬಿಚ್ಚಿ ಮತ್ತೆ ಕಟ್ಟಿದರೆ ದಾರದ ತುದಿ ಎಡಕ್ಕೆ ಹೋಗಿಬಿಡುತ್ತಿತ್ತು. ನಮ್ಮ ಮನೆಯವರನ್ನು ಬಿಟ್ಟರೆ ಆ ಗಂಟು ಯಾರಿಗೂ ಬರುವುದಿಲ್ಲ. ಇದನ್ನು ಯಾವಾಗಲೋ ಮಾತಿಗೆ ಹೇಳಿದ್ದೆ, ಮೇಸ್ತ್ರಿ ಮರೆತಿರಲಿಲ್ಲ. ಕಡ್ಡಿಯ ಮೇಲಿನ ಗೆರೆವರೆಗೆ ಆಯಿಲನ್ನು ನನ್ನ ಕೈಯಲ್ಲೇ ಸುರಿಸಿ, ಆಯಿಲ್ ಹಾಕುವ ಮುಚ್ಚಳಕ್ಕೂ ಕಡ್ಡಿಗೂ ನನ್ನ ಕೈಯಲ್ಲೇ ಆ ಗಂಟು ಹಾಕಿಸಿದರು. ಕೆಳಗೆ ಆಯಿಲ್ ಬಿಡುವ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ನನ್ನ ಮಗಳ ಉಗುರು ಬಣ್ಣದಿಂದ ಒಂದು ಗೆರೆ ಎಳೆಸಿದರು. ಬೋಲ್ಟು ತಿರುಗಿದರೆ ಗೆರೆ ತುಂಡಾಗಬೇಕು. "ಈಗ ನಾನೂ ಮುಟ್ಟೋ ಹಂಗಿಲ್ಲ, ನಿಮ್ಮ ಭಾವನೂ ಮುಟ್ಟೋ ಹಂಗಿಲ್ಲ. ಪ್ರತಿ ಭಾನುವಾರ ಬನ್ನಿ. ನೀವೇ ಬಿಚ್ಚಿ, ನೀವೇ ನೋಡಿ."

ನಾಲ್ಕು ಭಾನುವಾರ ಹೋದೆ. ಶೆಡ್ಡಿನ ಮುಂದೆ ಒಂದು ಚಪ್ಪಡಿ ಕಲ್ಲು, ಸಮತಟ್ಟು. ಪ್ರತಿ ಸಲ ಅದರ ಮೇಲೇ ಕಾರು, ಇಂಜಿನ್ ಆರಿ ಒಂದು ಗಂಟೆ ಆದ ಮೇಲೇ ಕಡ್ಡಿ. ಪ್ರಯೋಗಾಲಯದಲ್ಲಿ ನಾನೂ ಮಕ್ಕಳಿಂದ ಇಷ್ಟು ಶಿಸ್ತು ಮಾಡಿಸಿಲ್ಲ. ಗಂಟು ಇದ್ದ ಹಾಗೇ ಇತ್ತು, ಗೆರೆ ಇದ್ದ ಹಾಗೇ ಇತ್ತು. ಆಯಿಲ್ ಮಾತ್ರ ವಾರ ವಾರಕ್ಕೂ ಇಳಿಯುತ್ತಾ ನಾಲ್ಕನೇ ವಾರಕ್ಕೆ ಕಡ್ಡಿಯ ಕೆಳಗಿನ ಗೆರೆ ಮುಟ್ಟಿತು.

"ಮುಗೀತಲ್ಲ ಮೇಸ್ತ್ರಿ! ನೀವು ಕದ್ದಿಲ್ಲ ಅಂತ ಆಯ್ತಲ್ಲ. ನಾನೇ ಹೋಟೆಲಿಗೆ ಹೋಗಿ ಹೇಳ್ತೀನಿ."

"ಏನಂತ ಹೇಳ್ತೀರ? ಮೇಸ್ತ್ರಿ ಕದ್ದಿಲ್ಲ, ಆದ್ರೆ ಆಯಿಲ್ ಮಾಯ ಆಗಿದೆ ಅಂತಾನಾ? ಯಾರು ನಂಬ್ತಾರೆ?" ಅವರು ಕಡ್ಡಿಯನ್ನು ಬೆಳಕಿಗೆ ಹಿಡಿದು ಅದನ್ನೇ ಕೇಳಿದರು: "ಯಾಡಿಕಿ ಪೋತಾ ಉಂಡಾವುರಾ?" ಎಲ್ಲಿಗೆ ಹೋಗ್ತಿದ್ದೀಯೋ, ಎಂದು. ಹೆಸರು ಉಳಿಸಿಕೊಳ್ಳುವ ಚಿಂತೆ ಇದ್ದದ್ದು ನಿಜ. ಆದರೆ ಆ ಹೊತ್ತು ಅವರ ಮುಖದಲ್ಲಿ ಇದ್ದದ್ದು ಚಿಂತೆಯಲ್ಲ, ಕುತೂಹಲ. ನನಗೆ ಹೊಟ್ಟೆಕಿಚ್ಚಾಗುವಷ್ಟು ಕುತೂಹಲ.

ಮಾರನೇ ದಿನ ಅವರು ನನ್ನ ಜೊತೆ ಕೋಲಾರಕ್ಕೆ ಹೊರಟರು. ಎಂದಿನಂತೆ ಹಿಂದಿನ ಸೀಟು, ಆದರೆ ಈ ಸಲ ಹಿಂದಕ್ಕೆ ತಿರುಗಿ, ಮಂಡಿಯೂರಿ, ಹಿಂದಿನ ಗಾಜಿಗೆ ಮುಖ ಕೊಟ್ಟು. ಪಕ್ಕದಲ್ಲಿ ಹೋದ ಸರ್ಕಾರಿ ಬಸ್ಸಿನ ಜನವೆಲ್ಲ ಇಣುಕಿ ನೋಡಿದರು. "ನೀವು ದಿನಾ ಹೆಂಗೆ ಓಡಿಸ್ತೀರೋ ಹಂಗೇ ಓಡಿಸಿ. ನಾನಿಲ್ಲ ಅಂದ್ಕೊಳ್ಳಿ" ಎಂದರು. ಖಾಕಿ ಬೆನ್ನೊಂದು ಕನ್ನಡಿ ತುಂಬ ಕಾಣುವಾಗ ಹೇಗೆ ಅಂದುಕೊಳ್ಳುವುದು?

ನನ್ನ ಓಡಿಸುವಿಕೆಯ ಬಗ್ಗೆ ನನಗೆ ಜಂಭವಿತ್ತು. ಟಾಪ್ ಗೇರು, ಒಂದೇ ವೇಗ, ಪೆಡಲಿನ ಮೇಲೆ ಹೂವಿಟ್ಟಂತೆ ಕಾಲು. ಸ್ಟಾಫ್ ರೂಮಿನಲ್ಲಿ ನನ್ನಷ್ಟು ಮೈಲೇಜು ತೆಗೆಯುವವರೇ ಇರಲಿಲ್ಲ. ಹಾಗೇ ಹದಿನೈದು ನಿಮಿಷ ಹೋದ ಮೇಲೆ ಟೊಮೇಟೊ ಲಾರಿಯೊಂದು ಅಡ್ಡ ಸಿಕ್ಕಿತು. ಗೇರು ಇಳಿಸಿ, ಪೆಡಲು ಒತ್ತಿ ಮುಂದೆ ಹೋದೆ.

"ಅಬ್ಬೋ!" ಹಿಂದಿನಿಂದ ಕೂಗು ಬಂತು. "ಬಂತು ನೋಡಿ ಹೊಗೆ! ನೀಲಿ ಹೊಗೆ! ಒಂದು ಉಂಡೆ ಬಂದು ನಿಂತೋಯ್ತು. ಇಷ್ಟೊತ್ತು ಇರ್ಲಿಲ್ಲ. ಈಗ ಏನು ಮಾಡಿದ್ರಿ?"

"ಏನಿಲ್ಲ, ಓವರ್‌ಟೇಕ್ ಮಾಡಿದೆ."

"ಅದಲ್ಲ. ಒಳಗೆ ಏನು ಬದಲಾಯ್ತು?"

"ಆ ಗುರುತು ಆರಿತು, ಅಷ್ಟೇ."

"ಯಾವ ಗುರುತು?"

ಆಗ ಹೇಳಿದೆ. ನನ್ನ ಇಂಜಿನ್ನಿಗೆ ನಾಲ್ಕು ಸಿಲಿಂಡರ್. ಒಂದೇ ವೇಗದಲ್ಲಿ ಮೆತ್ತಗೆ ಹೋಗುತ್ತಿದ್ದರೆ ನಾಲ್ಕೂ ಬೇಕಾಗುವುದಿಲ್ಲ ಎಂದು, ಪೆಟ್ರೋಲ್ ಉಳಿಸಲು ಮಧ್ಯದ ಎರಡನ್ನು ಕಾರು ತಾನೇ ನಿಲ್ಲಿಸಿಬಿಡುತ್ತದೆ. ಅವುಗಳ ವಾಲ್ವು ಮುಚ್ಚಿಕೊಳ್ಳುತ್ತವೆ, ಬೆಂಕಿ ಹತ್ತುವುದಿಲ್ಲ, ಪಿಸ್ಟನ್ ಮಾತ್ರ ಸುಮ್ಮನೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಹಾಗಾದಾಗ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಗುರುತು ಬರುತ್ತದೆ. ಜೋರಾಗಿ ಒತ್ತಿದರೆ ನಾಲ್ಕೂ ಎದ್ದು ಗುರುತು ಆರುತ್ತದೆ. ಆ ಗುರುತು ಆರದ ಹಾಗೆ ಕೋಲಾರ ಮುಟ್ಟುವುದು ನನ್ನ ದಿನನಿತ್ಯದ ಆಟವಾಗಿತ್ತು.

"ಗಾಡಿ ನಿಲ್ಸಿ" ಎಂದರು ಮೇಸ್ತ್ರಿ.

ನಿಲ್ಲಿಸಿದೆ. ಅವರು ಇಳಿದು ಮುಂದಿನ ಕಿಟಕಿಗೆ ಬಂದರು. "ನಾಲ್ಕು ತಿಂಗಳಿಂದ ನಾನು ಇದರ ಹೊಟ್ಟೆ ಕುಯ್ದು ನೋಡೋದೊಂದು ಬಾಕಿ. ಇಂಥದ್ದೊಂದು ಇದೆ ಅಂತ ಯಾಕೆ ಹೇಳ್ಲಿಲ್ಲ ಟೀಚರಮ್ಮ?"

ಯಾಕೆ ಹೇಳಲಿಲ್ಲ? ಮ್ಯಾನ್ಯುಯಲ್ಲಿನಲ್ಲಿ ಇಂಗ್ಲಿಷಿನಲ್ಲಿ ಬರೆದ ಹೊಸ ತಂತ್ರ, ಹಳೇ ಜೀಪು ಬಿಚ್ಚಿ ಕಲಿತ ಮೇಸ್ತ್ರಿಗೆ ಅದು ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಸಾರು, ಹುಳಿ ಆರುವುದನ್ನು ಅವರಿಗೆ ವಿವರಿಸಿದವಳೇ ಹಾಗೆ ಅಂದುಕೊಂಡಿದ್ದೆ. ಅವರಿಗೆ ತಿಳಿಯಿತು ಅನ್ನಿಸುತ್ತದೆ, ಮತ್ತೆ ಕೇಳಲಿಲ್ಲ.

ಕಾಲೇಜಿಗೆ ರಜೆ ಹಾಕಿ ವಾಪಸ್ ಬಂದೆವು. ಶೆಡ್ಡಿನಲ್ಲಿ ನಾಲ್ಕೂ ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಜೇಬಿನ ಬಿಳಿ ಹಾಳೆ ಹಾಸಿ, ಇದ್ದ ಕ್ರಮದಲ್ಲೇ ಜೋಡಿಸಿದರು. ಎರಡು ತುದಿಯವು ಒಣಗಿ ಬಿಸ್ಕತ್ತಿನ ಬಣ್ಣಕ್ಕಿದ್ದವು. ಮಧ್ಯದ ಎರಡು ಕಪ್ಪಾಗಿ, ಆಯಿಲಿನಲ್ಲಿ ಒದ್ದೆ. ಅವರು ಎದ್ದು, ದನಗಳಿಗೆ ಔಷಧಿ ಕೊಡುವ ಒಂದು ದೊಡ್ಡ ಸಿರಿಂಜು ತಂದರು. ಒಳಗಿನ ರಬ್ಬರಿನ ಹಿಂಭಾಗಕ್ಕೆ ನಾಲ್ಕು ತೊಟ್ಟು ಆಯಿಲ್ ಬಿಟ್ಟು, ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ, ಹಿಡಿ ಎಳೆದರು. ಒಳಗೆ ಗಾಳಿ ಬರಲು ದಾರಿಯಿಲ್ಲ. ಬಿಟ್ಟರು, ಎಳೆದರು, ಬಿಟ್ಟರು, ಎಳೆದರು. ನೋಡನೋಡುತ್ತಿದ್ದಂತೆ ರಬ್ಬರಿನ ಅಂಚಿನಿಂದ ಆಯಿಲ್ ನುಸುಳಿ ಮುಂದಿನ ಭಾಗಕ್ಕೆ ಬಂತು.

"ಮೇಲಿನ ಬಾಗಿಲು ಮುಚ್ಚಿಬಿಟ್ರೆ ಅದು ಉಸಿರು ಎಲ್ಲಿಂದ ತಗೊಳ್ಳುತ್ತೆ? ಕೆಳಗಿಂದ. ಕೆಳಗೆ ಏನಿದೆ? ಆಯಿಲ್. ಪಿಸ್ಟನ್ ರಿಂಗು ಎಷ್ಟು ಅಂತ ತಡೆಯುತ್ತೆ? ಕೋಲಾರ ಮುಟ್ಟೋವರೆಗೂ ಎಳ್ಕೊಂಡು ಕೂತಿರುತ್ತೆ, ನೀವು ಜೋರಾಗಿ ಒತ್ತಿದ ತಕ್ಷಣ ಬೆಂಕಿ ಹತ್ತಿ ಸುಟ್ಟುಹೋಗುತ್ತೆ. ಹೊಗೆ ಬಿಡೋದು ನಿಮ್ಮ ಬೆನ್ನ ಹಿಂದೆ. ನಿಮಗೆ ಹೆಂಗೆ ಕಾಣ್ಬೇಕು?" ಎಂದು ಸಿರಿಂಜನ್ನು ನನ್ನ ಕೈಗೆ ಕೊಟ್ಟರು. "ನೀವೇ ಎಳೆದು ನೋಡಿ. ನಿಮ್ಮ ಪಾಠ ತಾನೇ ಇದು?"

ನನ್ನ ಪಾಠವೇ. ನಿರ್ವಾತ, ಒತ್ತಡ, ಎಲ್ಲವೂ. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ನಾನು ಎಳೆದು ನೋಡಿದೆ. ನನಗೆ ಅಳು ಬಂತು, ಬಂದಿದ್ದನ್ನು ಬಚ್ಚಿಡಲಿಲ್ಲ. "ತಪ್ಪಾಯ್ತು ಮೇಸ್ತ್ರಿ" ಎಂದೆ. "ಅಯ್ಯೋ, ಅಳೋದ್ಯಾಕೆ? ಇನ್ನೂ ಗ್ಯಾರಂಟಿ ಆಗಿಲ್ಲ" ಎಂದರು ಆ ಮನುಷ್ಯ. ಅವರಿಗೆ ಇನ್ನೂ ಒಂದು ತಿಂಗಳು ಬೇಕಿತ್ತು. ಆ ತಿಂಗಳು ಪೂರ್ತಿ ಒಂದು ಗೇರು ಕಡಿಮೆ ಇಟ್ಟು ಓಡಿಸಬೇಕು, ಆ ಗುರುತು ಒಮ್ಮೆಯೂ ಹತ್ತಬಾರದು, ನಾಲ್ಕಕ್ಕೂ ಕೆಲಸ ಇರಬೇಕು. ಮತ್ತೆ ನನ್ನ ಕೈಯಲ್ಲೇ ಆಯಿಲ್, ಮತ್ತೆ ಗಂಟು, ಮತ್ತೆ ಉಗುರು ಬಣ್ಣ, ಮತ್ತೆ ಭಾನುವಾರಗಳು. ನನ್ನ ಮೈಲೇಜು ಬಿದ್ದುಹೋಯಿತು. ಆಯಿಲ್ ಮೊದಲಿನ ಕಾಲು ಭಾಗವೂ ಇಳಿಯಲಿಲ್ಲ.

ಕೊನೆಯ ಭಾನುವಾರ ಕಡ್ಡಿ ನೋಡಿ "ಸಿಕ್ತು" ಎಂದರು, ಮೆಲ್ಲಗೆ. ಆಮೇಲೆ ಕೂಗಿದರು, "ಸಿಕ್ತು ಕಣ್ರೀ!" ಪಕ್ಕದ ಎಳನೀರು ಅಂಗಡಿಯವನು ಕಳ್ಳ ಸಿಕ್ಕಿದನೆಂದು ಓಡಿ ಬಂದ. ಅವತ್ತು ಅವರು ನನ್ನ ಕಾರಿಗೆ ಆಯಿಲ್ ಸುರಿದರು, ಎರಡು ತಿಂಗಳ ಮೇಲೆ ಸುರಿದ ಮೊದಲ ಡಬ್ಬ. ಆಮೇಲೆ ಭಾವನನ್ನೂ ಎಳೆದುಕೊಂಡು ನಾನು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದೆ. ಸಿರಿಂಜು ಹಿಡಿದು ಅರ್ಧ ಗಂಟೆ ಪಾಠ ಮಾಡಿದೆ. ಜನ ತಲೆ ಅಲ್ಲಾಡಿಸಿದರು. "ಅಂದ್ರೆ ಮೇಸ್ತ್ರಿ ಕದ್ದಿಲ್ಲ ಅಂತಾನಾ?" ಎಂದ ಒಬ್ಬ. "ಹೂಂ ಕಣಯ್ಯ, ಕದ್ದಿಲ್ಲ!" ಎಂದು ಕಿರುಚಿದೆ. ಭಾವ ನೆಲ ನೋಡುತ್ತಾ ಕಾಫಿ ಕುಡಿದರು. ಗಿರಾಕಿಗಳು ವಾಪಸ್ ಬಂದರು, ಶೆಡ್ಡು ಮೊದಲಿನಂತಾಯಿತು. ಲೆಕ್ಕ ಚುಕ್ತಾ ಎಂದುಕೊಂಡು ನಾನು ಹಗುರವಾದೆ. ಮೇಸ್ತ್ರಿ ಅದರ ಮಾತೇ ಎತ್ತಲಿಲ್ಲ. "ಅವೆರಡನ್ನೇ ಯಾಕೆ ಮಲಗಿಸ್ಬೇಕು ಟೀಚರಮ್ಮ? ಸರದಿ ಮೇಲೆ ಮಲಗಿಸಬಾರದಾ?" ಎಂದು ಕೇಳುತ್ತಿದ್ದರು.

ಹೋದ ತಿಂಗಳು, ಅವರ ಹನ್ನೊಂದನೇ ದಿನಕ್ಕೆ ಮನೆಗೆ ಹೋಗಿದ್ದೆ. ಶೆಡ್ಡಿನ ಹಿಂದೆ ಎರಡೇ ಬೀದಿ. ಇಷ್ಟು ವರ್ಷದಲ್ಲಿ ನಾನು ಆ ಮನೆಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಊಟ ಮುಗಿದು ಜನ ಚೆದುರಿದ ಮೇಲೆ ಅವರ ಹೆಂಡತಿ ನನ್ನ ಪಕ್ಕ ಬಂದು ಕೂತರು.

"ನೀವೇ ಅಲ್ವಾ ಟೀಚರಮ್ಮ?"

"ಹೂಂ ಅಮ್ಮ."

"ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಆ ಆಯಿಲ್... ಇವರು ತಗೊಂಡಿರ್ಲಿಲ್ಲ ಅಲ್ವಾ?"

ಹೋಟೆಲಿನಲ್ಲಿ ಹೇಳಿದ್ದೆ, ಶೆಡ್ಡಿನ ಮುಂದೆ ಹೇಳಿದ್ದೆ, ಸ್ಟಾಫ್ ರೂಮಿನಲ್ಲಿ ಹೇಳಿದ್ದೆ. ಇಲ್ಲಿಗೆ ಬಂದಿರಲಿಲ್ಲ.

"ನಿಮಗೆ ಮೇಸ್ತ್ರಿ ಹೇಳ್ಲಿಲ್ವಾ?"

"ಅವರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಕೇಳಿದ್ರೆ ಅವರ ಮೇಲೆ ನನಗೂ ಅನುಮಾನ ಅಂತ ಆಗ್ತಿತ್ತಲ್ಲ. ನಲ್ಲಿ ಹತ್ರ ಇವಳುಗಳು ಏನೇನೋ ಅಂದ್ರು. ಬಿಂದಿಗೆ ತುಂಬ್ಕೊಂಡು ತಲೆ ತಗ್ಗಿಸಿ ಬಂದ್ಬಿಡ್ತಿದ್ದೆ. ಆಮೇಲೆ ಎಲ್ಲಾ ಸರಿಹೋಯ್ತು ಅಂದ್ರು. ಏನು ಸರಿಹೋಯ್ತು ಅಂತ ಮಾತ್ರ ನನಗೆ ಯಾರೂ ಹೇಳ್ಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಹೇಳಿದೆ. ನಾಲ್ಕು ಸಿಲಿಂಡರು, ಸುಮ್ಮನಿರುವ ಎರಡು, ಮುಚ್ಚಿದ ವಾಲ್ವು, ಕೆಳಗಿನಿಂದ ಏರುವ ಆಯಿಲು, ಬೆನ್ನ ಹಿಂದೆ ಹೋಗುವ ಹೊಗೆ. ಮೂರು ಜನರ ಮುಂದೆ ನಾನು ಕೇಳಿದ ಪ್ರಶ್ನೆಯನ್ನೂ ಬಿಡದೆ ಹೇಳಿದೆ. ಅವರು ಕಣ್ಣು ಮಿಟುಕಿಸದೆ ಕೇಳಿದರು.

"ಇದನ್ನ ಇವರೇ ಕಂಡುಹಿಡಿದಿದ್ದಾ?"

"ಅವರೇ ಅಮ್ಮ. ಕಂಪನಿಯವರಿಗೂ ಹೇಳೋಕಾಗ್ಲಿಲ್ಲ. ನನಗೆ ಪಾಠ ಮಾಡಿದ್ದೂ ಅವರೇ."

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಬಾಗಿಲಿಗೆ ಹೋಗಿ, ಎದುರು ಮನೆಯ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದ ಹೆಂಗಸರನ್ನು ಗಟ್ಟಿಯಾಗಿ ಕರೆದರು.

"ಬನ್ರೇ ಇಲ್ಲಿ. ಎಲ್ರೂ ಬನ್ನಿ. ಟೀಚರಮ್ಮ ಇನ್ನೊಂದ್ಸಲ ಹೇಳ್ತಾರೆ, ಕೂತು ಕೇಳಿ."

ಅವರು ಬಂದು ಕೂತರು. ನಾನು ಮೊದಲಿನಿಂದ ಹೇಳಿದೆ.